ಅಡುಗೆಮನೆಯ ನೆಲವೂ ನೀರಿನ ಮಟ್ಟವೂ

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಉಡಿಗಾಲದಲ್ಲಿ ನಮ್ಮ ಬಂಧುಗಳೊಬ್ಬರ ಹಳೆಯ ಮನೆಯಿದೆ. ಅದರ ಅಡುಗೆಮನೆಯ ಕೆಂಪುಗಾರೆಯ ನೆಲ ಅಲ್ಲಲ್ಲಿ ತಗ್ಗಾಗಿ, ಚೆಲ್ಲಿದ ನೀರು ಬಚ್ಚಲ ಕಡೆಗೆ ಹರಿಯದೆ ಒಲೆಯ ಮಗ್ಗುಲಲ್ಲಿಯೇ ನಿಲ್ಲುತ್ತಿದ್ದಿತು. ಮನೆಯ ಹಿರಿಯಾಕೆ ಒಮ್ಮೆ ಜಾರಿ ಬಿದ್ದ ಮೇಲೆ ಹೊಸ ಟೈಲು ಹಾಕಿಸುವುದೆಂದು ನಿಶ್ಚಯವಾಯಿತು. ತಗ್ಗುಗಳನ್ನು ಟೈಲಿನ ಅಂಟಿನಿಂದಲೇ ತುಂಬಿಬಿಡಬಹುದಲ್ಲವೆ ಎಂದು ಕೆಲವರು ಕೇಳಿದರು. ಅದೇಕೆ ಸಲ್ಲದೆಂಬುದನ್ನು ವಿಚಾರಿಸೋಣ.

ಸಿಮೆಂಟಿನ ಮಿಶ್ರಣ ಆರುತ್ತ ಕುಗ್ಗುತ್ತದೆ. ಒಂದೆಡೆ 3 ಮಿಲಿಮೀಟರು, ಇನ್ನೊಂದೆಡೆ 15 ಮಿಲಿಮೀಟರು ದಪ್ಪವಿದ್ದರೆ ಕುಗ್ಗುವಿಕೆಯೂ ಬೇರೆ ಬೇರೆಯಾಗಿ, ಟೈಲಿನ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಪೊಳ್ಳಿನ ಮೇಲಣ ಟೈಲು ಎರಡು ತುದಿಗಳಲ್ಲಿ ಮಾತ್ರ ಆಧಾರವುಳ್ಳ ಹಲಗೆಯಂತೆ; ಭಾರ ಬಿದ್ದಾಗ ಅದರ ಕೆಳಮೈ ಎಳೆತಕ್ಕೆ ಒಳಗಾಗುತ್ತದೆ. ಸುಟ್ಟ ಜೇಡಿಮಣ್ಣು ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳಲಾರದು. ಗುಂಡುಕಲ್ಲೊಂದು ಕೈಜಾರಿದರೆ ಸಾಕು.

ಆದುದರಿಂದ ಮೊದಲು ಹಳೆಯ ನೆಲವನ್ನು ಪರೀಕ್ಷಿಸತಕ್ಕದ್ದು. ನಾಣ್ಯದಿಂದ ತಟ್ಟುತ್ತ ಹೋದರೆ ಗಟ್ಟಿಯಾದೆಡೆ ಚಿಕ್ಕ ಕಿರುದನಿ, ಬಿಟ್ಟುಕೊಂಡೆಡೆ ಡೊಳ್ಳಿನಂತಹ ದನಿ ಕೇಳುತ್ತದೆ. ತಳದಿಂದ ಬೇರ್ಪಟ್ಟ ಪದರ ಚರ್ಮವಾದ್ಯದ ಹಾಗೆ ಕಂಪಿಸುವುದೇ ಇದಕ್ಕೆ ಕಾರಣ. ಅಂತಹ ಭಾಗವನ್ನು ಕಿತ್ತುಹಾಕಬೇಕು. ಅಡುಗೆಮನೆಯಾದುದರಿಂದ ಎಣ್ಣೆಯ ಜಿಡ್ಡೂ ಉಂಟು. ನೀರು ಚಿಮುಕಿಸಿದಾಗ ಅದು ಹೀರಿಹೋಗದೆ ಮಣಿಗಳಂತೆ ನಿಂತರೆ ಹೊಸ ಗಾರೆಯೂ ಅಲ್ಲಿ ಹಿಡಿಯದು. ಜಿಡ್ಡನ್ನು ತೊಳೆದು, ನುಣುಪನ್ನು ಉಳಿಯಿಂದ ಕೆತ್ತಿ ಒರಟುಗೊಳಿಸಬೇಕು.

ಇನ್ನು ಮಟ್ಟದ ಮಾತು. ಮಟ್ಟವೂ ಸಮತಲವೂ ಒಂದೇ ಅಲ್ಲ. ಟೈಲಿಗೆ ಬೇಕಾದುದು ಸಮತಲ. 2 ಮೀಟರಿನ ನೇರ ಪಟ್ಟಿಯನ್ನಿಟ್ಟರೆ ಅಡಿಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಸಂದಿರಕೂಡದು. ನೀರಿಗೆ ಬೇಕಾದುದು ಇಳಿಜಾರು. ಬಚ್ಚಲ ಕಡೆಗೆ ಮೀಟರಿಗೆ 1 ಸೆಂಟಿಮೀಟರು ಸಾಕು. ಇಳಿಜಾರನ್ನು ಗುರುತಿಸಲು ಗಾರೆಯವರು ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಬಳಸುತ್ತಾರೆ. ಅದರ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರದಲ್ಲಿ ನಿಲ್ಲುವುದೆಂದು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಆದರೂ ಮಧ್ಯಾಹ್ನ ಮಾಡಿದ ಗುರುತಿಗೂ ಸಂಜೆಯದಕ್ಕೂ 3 ಮಿಲಿಮೀಟರು ಅಂತರ ಬಂದಿತು! ಮೇಸ್ತ್ರಿ ನಮ್ಮ ಮುಖ ನೋಡಿದರು.

ಗುಳ್ಳೆಯೇನಾದರೂ ಇದ್ದೀತೆಂದು ಹುಡುಕಿದೆವು; ನಿಂತ ಭಾಗದಲ್ಲಿ ಸಿಕ್ಕಿಕೊಂಡ ಗುಳ್ಳೆ ತನ್ನ ಉದ್ದದಷ್ಟೇ ತಪ್ಪು ತೋರಿಸಬಲ್ಲದು. ಗುಳ್ಳೆಯಿರಲಿಲ್ಲ. ಮಧ್ಯಾಹ್ನ ಕೊಳವೆಯ ಒಂದು ತುದಿ ಹಿತ್ತಿಲ ಬಾಗಿಲ ಬಿಸಿಲಿನಲ್ಲಿದ್ದಿತು. 25 ಡಿಗ್ರಿಯಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಕಾದ ನೀರಿನ ಸಾಂದ್ರತೆ ನೂರಕ್ಕೆ ಸುಮಾರು 0.3ರಷ್ಟು ಇಳಿಯುತ್ತದೆ. ಒತ್ತಡ ಸಮವಾಗಬೇಕಾದರೆ 1 ಮೀಟರು ಎತ್ತರದ ತಣ್ಣೀರಿಗೆ ಎದುರಾಗಿ ಬಿಸಿನೀರು 3 ಮಿಲಿಮೀಟರು ಮೇಲೇರಿ ನಿಲ್ಲಲೇಬೇಕು. ತಪ್ಪು ನಿಯಮದ್ದಲ್ಲ, ನಮ್ಮದು. ನೆರಳಿನಲ್ಲಿ ಹೊಸ ನೀರು ತುಂಬಿ ಮತ್ತೆ ಅಳೆದೆವು.

ಆಮೇಲೆ ನೆಲವನ್ನು ನೆನೆಸಿ, ತೆಳುವಾದ ಸಿಮೆಂಟು ನೀರನ್ನು ಬಳಿದು, ಒಂದಕ್ಕೆ ನಾಲ್ಕರಂತೆ ಮರಳು ಬೆರೆಸಿದ ಗಾರೆಯಿಂದ ತಗ್ಗುಗಳನ್ನು ತುಂಬಿಸಲಾಯಿತು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಆದುದರಿಂದ 7 ದಿನ ಒದ್ದೆ ಗೋಣಿಚೀಲ ಹೊದಿಸಿಟ್ಟೆವು. ಎಂಟನೆಯ ದಿನ ಹಿರಿಯಾಕೆ ತಾವೇ ಒಂದು ಬಿಂದಿಗೆ ನೀರು ಸುರಿದರು. ಅದು ಬಚ್ಚಲಿಗೆ ಹರಿಯಿತು. ಕಿಟಕಿಯ ಕೆಳಗೆ ಮಾತ್ರ ಅಂಗೈಯಗಲ ನಿಂತಿತು. ಅಲ್ಲಿ ಇನ್ನೊಮ್ಮೆ ಗಾರೆ ಬಿದ್ದಿತು.