ಬುಷ್ ಟೀ: ಬಿಸಿನೀರಿನ ಗುಣ, ಎಲೆಯ ಗುಣ

ಜಮೈಕಾದ ಹಳ್ಳಿಮನೆಗಳಲ್ಲಿ ಯಾರಿಗಾದರೂ ನೆಗಡಿ ಹಿಡಿದರೆ ಹಿರಿಯರ ಕೈ ಮೊದಲು ಹೋಗುವುದು ಹಿತ್ತಲಿನ ‘ಫೀವರ್ ಗ್ರಾಸ್’ ಕಡೆಗೆ. ಅದು ಬೇರೇನಲ್ಲ, ನಮ್ಮ ಮಜ್ಜಿಗೆ ಹುಲ್ಲು. ಬೇಲಿಗೆ ಹಬ್ಬಿದ ‘ಸೆರಸಿ’ ಬಳ್ಳಿಯೂ ನಮಗೆ ಗುರುತಿನದೇ: ಹಾಗಲದ ಕಾಡುರೂಪ. ಅವರು ಕಾಯಿ ಬಿಟ್ಟು ಎಲೆ, ಬಳ್ಳಿಯನ್ನೇ ಕುದಿಸಿ ಕುಡಿಯುತ್ತಾರೆ, ಕಹಿಗೆ ಅಂಜದೆ. ಹೀಗೆ ಸೊಪ್ಪು ಕುದಿಸಿ ಇಳಿಸಿದ್ದೆಲ್ಲ ಅಲ್ಲಿ ‘ಬುಷ್ ಟೀ’. ಜೊತೆಗೆ ಶುಂಠಿ, ನಿಂಬೆರಸ, ಜೇನು ಸೇರುವುದುಂಟು. ದೊಡ್ಡವರ ಲೋಟಕ್ಕೆ ಒಂದಿಷ್ಟು ಬಿಳಿ ರಮ್ ಕೂಡ. (ರಮ್ ನೆಗಡಿಯ ವೈರಸ್ಸನ್ನು ಕೊಲ್ಲುವುದಿಲ್ಲ, ಕುಡಿದವರಿಗೆ ನೆಗಡಿಯ ಚಿಂತೆ ಕಡಿಮೆಯಾಗಬಹುದು, ಅಷ್ಟೆ.)

ಈ ಮದ್ದಿನ ಗಿಡಗಳಲ್ಲಿ ಹಲವು ಕೆರಿಬಿಯನ್ ದ್ವೀಪಗಳಿಗೆ ಹೊರಗಿನಿಂದ ಬಂದವು. ಮಜ್ಜಿಗೆ ಹುಲ್ಲು, ಶುಂಠಿ ಎರಡೂ ಏಷ್ಯಾದವು. ಗಿಡಗಳಷ್ಟೇ ಅಲ್ಲ, ಹೆಸರುಗಳೂ ಹೊರಗಿನಿಂದ ಬಂದದ್ದುಂಟು. ಟ್ರಿನಿಡಾಡ್‌ಗೆ ಭಾರತೀಯ ಕೂಲಿಗಳ ಮೊದಲ ಹಡಗು ತಲುಪಿದ್ದು 1845ರಲ್ಲಿ. ಅವರ ಸಂತತಿಯವರ ಅಡುಗೆಮನೆಯಲ್ಲಿ ಅರಿಶಿನ ಇಂದಿಗೂ ‘ಹರ್ದಿ’.

ಈ ಕಷಾಯಗಳಿಂದ ನೆಗಡಿ ವಾಸಿಯಾಗುತ್ತದೆಯೇ? ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಅವನ್ನು ದೇಹದಿಂದ ಓಡಿಸುವ ಕಷಾಯ ಯಾವುದೂ ಇಲ್ಲ. ಆದರೆ ಕುಡಿದವರಿಗೆ ಹಾಯೆನಿಸುವುದು ಸುಳ್ಳಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನೆಗಡಿಯಾದ 30 ಮಂದಿಗೆ ಹಣ್ಣಿನ ಪಾನಕ ಕೊಟ್ಟರು, ಕೆಲವರಿಗೆ ಬಿಸಿ, ಕೆಲವರಿಗೆ ಬಿಸಿ ಮಾಡದ್ದು. ಬಿಸಿಯಾದದ್ದು ಕುಡಿದವರು ಗಂಟಲು ನೋವು, ಚಳಿ, ಸುಸ್ತು ಎಲ್ಲವೂ ಇಳಿಯಿತೆಂದರು. ಮೂಗಿನಲ್ಲಿ ಗಾಳಿ ಹರಿಯುವುದನ್ನು ಅಳೆದು ನೋಡಿದರೆ ಅದು ಮಾತ್ರ ಇದ್ದಂತೆಯೇ ಇತ್ತು. ಜೇನು ಮಕ್ಕಳ ಕೆಮ್ಮನ್ನು ತುಸು ಶಮನ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಮಜ್ಜಿಗೆ ಹುಲ್ಲಿನ ಪರಿಮಳಕ್ಕೆ ಕಾರಣವಾದ ಸಿಟ್ರಾಲ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ನಿಜ. ಗಾಜಿನ ತಟ್ಟೆಗೆ ಜ್ವರ ಬರುವುದಿಲ್ಲ.

ಹಾಗಾದರೆ ಯಾವ ಎಲೆಯಾದರೂ ಆದೀತೇ? ಈ ಪ್ರಶ್ನೆಗೆ ಜಮೈಕಾ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿತು. 1950ರ ದಶಕದಲ್ಲಿ ಅಲ್ಲಿನ ಬಡಮಕ್ಕಳು ಹೊಟ್ಟೆಯಲ್ಲಿ ನೀರು ತುಂಬಿ, ಯಕೃತ್ತು ಊದಿಕೊಂಡು ಆಸ್ಪತ್ರೆ ಸೇರುತ್ತಿದ್ದರು. ಕೆಲವರು ಸಾಯುತ್ತಿದ್ದರು. ರೋಗಶಾಸ್ತ್ರಜ್ಞ ಗೆರಿಟ್ ಬ್ರಾಸ್ ಮತ್ತು ಸಂಗಡಿಗರು ಆ ಯಕೃತ್ತುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಒಳಗಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗಿದ್ದವು. 1954ರಲ್ಲಿ ಅವರು ಇದನ್ನು ವರದಿ ಮಾಡಿದರು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಬುಷ್ ಟೀ! ಅದರಲ್ಲಿ ಕೆಲವೊಮ್ಮೆ ಕ್ರೋಟಲೇರಿಯ ಗಿಡದ ಸೊಪ್ಪು ಇರುತ್ತಿತ್ತು. ಇದು ನಮ್ಮ ಹೊಲದ ಬದುಗಳಲ್ಲೂ ಕಾಣುವ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಮಾಡುವ ಗಿಡಗಳ ಕುಲ. ಇದರಲ್ಲಿನ ಪೈರೊಲಿಜಿಡೀನ್ ಆಲ್ಕಲಾಯ್ಡ್‌ಗಳು ತಾವಾಗಿ ಅಷ್ಟು ಕ್ರೂರಿಗಳಲ್ಲ. ಯಕೃತ್ತು ಅವನ್ನು ಪಚನ ಮಾಡಲು ಹೊರಟಾಗ ಹುಟ್ಟುವ ವಸ್ತು ಅಲ್ಲಿನದೇ ನಾಳಗಳ ಒಳಪದರವನ್ನು ಸುಡುತ್ತದೆ. ಕುದಿಸಿದರೆ ವಿಷ ಹೋಗುವುದಿಲ್ಲ, ನೀರಿಗೆ ಇಳಿಯುತ್ತದೆ. ಇದೇ ಕಾಯಿಲೆ 1970ರ ದಶಕದಲ್ಲಿ ಮಧ್ಯ ಭಾರತದ ಸರ್ಗುಜಾದಲ್ಲೂ ಹಬ್ಬಿತ್ತು. ಅಲ್ಲಿ ಕಿರುಧಾನ್ಯದೊಡನೆ ಕ್ರೋಟಲೇರಿಯ ಬೀಜ ಬೆರೆತಿತ್ತು.

1980ರ ದಶಕದ ಆರಂಭದಲ್ಲಿ ಶುರುವಾದ ‘ಟ್ರಾಮಿಲ್’ ಎಂಬ ಸಂಶೋಧನಾ ಜಾಲ ಕೆರಿಬಿಯನ್ ಮನೆಮದ್ದನ್ನು ಹೀಯಾಳಿಸಲೂ ಇಲ್ಲ, ತಲೆಯ ಮೇಲೆ ಹೊರಲೂ ಇಲ್ಲ. ಸಮೀಕ್ಷೆಯಲ್ಲಿ ಕನಿಷ್ಠ ಶೇ. 20ರಷ್ಟು ಜನ ಒಂದೇ ತೊಂದರೆಗೆ ಒಂದೇ ಗಿಡವನ್ನು ಹೆಸರಿಸಿದರೆ ಅದನ್ನು ಪರಿಶೀಲನೆಗೆ ತೆಗೆದುಕೊಂಡು, ಬಳಸಬಹುದು, ಇನ್ನೂ ಪರೀಕ್ಷೆ ಬೇಕು, ವಿಷಕಾರಿ ಎಂಬ ಮೂರರಲ್ಲೊಂದು ತೀರ್ಪು ಕೊಡುತ್ತದೆ. ಯಾವ ಭಾಗ, ಹೇಗೆ ತಯಾರಿಸಿದ್ದು ಎಂಬುದನ್ನೂ ಸೇರಿಸಿಯೇ. ನಮ್ಮ ಕಷಾಯಗಳಿಗೂ ಇಂಥದೊಂದು ಪಟ್ಟಿ ಮನೆಮನೆಯಲ್ಲಿ ಸಿಗುವಂತಾಗಬೇಕು.

ಅಲ್ಲಿಯವರೆಗೆ ಇಷ್ಟು ಗಮನಿಸಿ: ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ, ಬಾಟ್ಯುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಹಾಗಲದ ಕಷಾಯ ಕುಡಿದರೆ ರಕ್ತದ ಸಕ್ಕರೆ ಅಳತೆ ಮೀರಿ ಇಳಿಯಬಹುದು. ಜ್ವರ ಬಿಡದೆ ವೈದ್ಯರ ಬಳಿ ಹೋದಾಗ, ಮನೆಯಲ್ಲಿ ಯಾವ ಸೊಪ್ಪಿನ ಕಷಾಯ ಕುಡಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.