ಹದಿನೈದು ಮೆಟ್ಟಿಲುಗಳು

ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ಹಳ್ಳಿಗಳನ್ನು ಸುತ್ತಿದವರಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಇಲ್ಲಿ ಸಮತಟ್ಟಾದ ನೆಲವೆಲ್ಲ ಗದ್ದೆಗೆ ಮೀಸಲು; ಮನುಷ್ಯರ ವಾಸ ಇಳಿಜಾರಿನಲ್ಲಿ. ಶಾಲೆಗಳೂ ಹಾಗೆಯೇ. ರಸ್ತೆಯಿಂದ ಅಂಗಳಕ್ಕೆ ಹತ್ತು ಮೆಟ್ಟಿಲು, ಅಂಗಳದಿಂದ ಜಗಲಿಗೆ ಐದು, ಎಲ್ಲದರ ಮೇಲೂ ಪಾಚಿ. ಕೊಡೆ ಹಿಡಿದ ಹುಡುಗರು ಅದನ್ನು ಲೆಕ್ಕಿಸದೆ ಓಡುತ್ತಾರೆ. ಆದರೆ ಗಾಲಿಕುರ್ಚಿಯನ್ನೇ ನೆಚ್ಚಿಕೊಂಡ ಹುಡುಗಿಯೊಬ್ಬಳು ಅಂಥ ಶಾಲೆಯ ಎಂಟನೆಯ ತರಗತಿಗೆ ಸೇರಬೇಕಾಗಿದೆಯೆಂದು ಭಾವಿಸೋಣ. ಅವಳ ಪಾಲಿಗೆ ಆ ಹದಿನೈದು ಮೆಟ್ಟಿಲುಗಳೇ ಪ್ರವೇಶಪರೀಕ್ಷೆ.

ಇಂಥ ಮಕ್ಕಳ ವಿಷಯದಲ್ಲಿ ನಮ್ಮ ಸಮಾಜ ಬಹುಕಾಲ ದಯೆಯ ಭಾಷೆಯಲ್ಲಿ ಮಾತನಾಡಿತು. ದಯೆ ತಪ್ಪಲ್ಲ, ಆದರೆ ದಯಾಳುವಾದ ಮುಖ್ಯೋಪಾಧ್ಯಾಯರು ವರ್ಗವಾದರೆ ಅದೂ ಅವರೊಡನೆ ವರ್ಗವಾಗಿಬಿಡುತ್ತದೆ. 1901ರಷ್ಟು ಹಿಂದೆಯೇ ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಒಂದು ಶಾಲೆ ಹುಟ್ಟಿತು. ಅದು ದೊಡ್ಡ ಕೆಲಸವೇ. ಆದರೂ ಮಗು ಮನೆಯನ್ನು ಬಿಟ್ಟು ಶಾಲೆಯನ್ನು ಹುಡುಕಿಕೊಂಡು ಹೋಗಬೇಕೇ ಹೊರತು, ಊರಿನ ಶಾಲೆಯೇ ಮಗುವಿಗಾಗಿ ಬದಲಾಗಬೇಕೆಂಬ ವಿಚಾರ ಆ ಕಾಲದ್ದಲ್ಲ. ಅದಕ್ಕೆ 1995ರ ಕಾಯಿದೆ ಬರಬೇಕಾಯಿತು. ಅದರ ಸ್ಥಾನದಲ್ಲಿ ಇನ್ನೂ ವಿಸ್ತಾರವಾದ ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ರಚಿತವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು.

ಈ ಕಾಯಿದೆಯ 16 ಮತ್ತು 17ನೆಯ ಪ್ರಕರಣಗಳನ್ನು ಪ್ರತಿಯೊಬ್ಬ ಉಪಾಧ್ಯಾಯರೂ ಒಮ್ಮೆ ಓದಬೇಕು. ಎರಡು ಪುಟವೂ ಆಗಲಾರದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಅಂಥ ಮಗುವನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಅದು ಬಳಸಬಲ್ಲಂತೆ ಮಾಡಬೇಕು, ಹೋಗಿಬರುವ ವಾಹನಸೌಕರ್ಯವನ್ನೂ ನೋಡಬೇಕು. ಇವುಗಳ ಜೊತೆಗೆ ‘ಸಮಂಜಸ ಹೊಂದಾಣಿಕೆ’ ಎಂಬ ಮಾತೊಂದಿದೆ. ಶಾಲೆಗೆ ಮಿತಿಮೀರಿದ ಹೊರೆಯಾಗದಂತೆ, ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಮಾರ್ಪಾಡು ಎಂಬುದು ಅದರ ಅರ್ಥ. ಅದನ್ನು ನಿರಾಕರಿಸುವುದೇ ತಾರತಮ್ಯ ಎಂದು ಕಾಯಿದೆಯ ವ್ಯಾಖ್ಯೆ.

ಈಗ ಮತ್ತೆ ಮೆಟ್ಟಿಲಿಗೆ ಬರೋಣ. ಇಳಿಜಾರು ಹಾದಿಗೆ ಒಪ್ಪಿತವಾದ ಅಳತೆ ಒಂದಕ್ಕೆ ಹನ್ನೆರಡು: ಒಂದು ಮೀಟರ್ ಏರಬೇಕಾದರೆ ಹನ್ನೆರಡು ಮೀಟರ್ ಉದ್ದ. ಮೆಟ್ಟಿಲೊಂದಕ್ಕೆ ಹದಿನೈದು ಸೆಂಟಿಮೀಟರೆಂದು ಹಿಡಿದರೂ ಹದಿನೈದಕ್ಕೆ ಎರಡೂಕಾಲು ಮೀಟರ್ ಎತ್ತರ, ಇಪ್ಪತ್ತೇಳು ಮೀಟರ್ ಹಾದಿ. ನಡುವೆ ತಂಗುವ ಕಟ್ಟೆಗಳು ಬೇರೆ. ಗುಡ್ಡದ ಶಾಲೆಯಲ್ಲಿ ಅಷ್ಟು ಜಾಗವೆಲ್ಲಿ? ಆದ್ದರಿಂದ ಕೆಲವೆಡೆ ಆರೇಳು ಅಡಿಯ ಕಡಿದಾದ ಸಿಮೆಂಟು ಜಾರುಬಂಡೆಯೊಂದನ್ನು ಕಟ್ಟಿ ಲೆಕ್ಕ ಮುಗಿಸುವುದುಂಟು. ಗಾಲಿಕುರ್ಚಿ ಅದರ ಮೇಲೆ ಹತ್ತದು; ಮಳೆಗಾಲದಲ್ಲಿ ನಡೆಯುವವರೂ ಬೀಳುತ್ತಾರೆ. ಸಮಂಜಸ ಹೊಂದಾಣಿಕೆಯ ಉಪಯೋಗ ಇಲ್ಲಿಯೇ. ಹಾದಿ ಸಿದ್ಧವಾಗುವವರೆಗೆ ರಸ್ತೆಯ ಮಟ್ಟದಲ್ಲಿರುವ ಕೊಠಡಿಯಲ್ಲಿ ಎಂಟನೆಯ ತರಗತಿಯನ್ನು ನಡೆಸಬಹುದು. ಖರ್ಚಿಲ್ಲ, ಎರಡು ಹಲಗೆ, ಕೆಲವು ಬೆಂಚುಗಳನ್ನು ಸಾಗಿಸುವ ಶ್ರಮ ಮಾತ್ರ.

ಕಣ್ಣಿಗೆ ಕಾಣದ ಮೆಟ್ಟಿಲುಗಳೂ ಉಂಟು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಎರವರ ನುಡಿಯನ್ನಾಡುವ ಮಗು ಶಾಲೆಗೆ ಬಂದು ಕನ್ನಡ, ಇಂಗ್ಲಿಷು, ಹಿಂದಿಗಳನ್ನು ಎದುರಿಸುತ್ತದೆ. ಕಿವಿ ಕೇಳದ ಮಗುವಿಗೆ ಇದು ಎಂಥ ಭಾರವೆಂಬುದನ್ನು ಊಹಿಸಬಹುದು. ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಪರೀಕ್ಷೆಯಲ್ಲಿ ಹೆಚ್ಚು ಕಾಲ, ಬದಲಿಗೆ ಬರೆಯುವವರ ನೆರವು ಇವೆಲ್ಲ 17ನೆಯ ಪ್ರಕರಣದಲ್ಲಿಯೇ ಇವೆ. ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲ ಕೊಡಬೇಕೆಂಬುದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ.

ಇನ್ನು ಪ್ರಮಾಣಪತ್ರದ ಮಾತು. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ಅದು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಆ ಶೇಕಡಾವಾರನ್ನು ವೈದ್ಯರು ಬರೆದುಕೊಡಬೇಕು. ಗಡಿಯ ಕುಟ್ಟದ ಕಾಫಿ ತೋಟದ ಲೈನ್‌ಮನೆಯಿಂದ ಮಡಿಕೇರಿಯ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋದ ತಾಯಿಗೆ ಅಂದಿನ ಕೂಲಿಯಿಲ್ಲ. “ಇನ್ನೊಮ್ಮೆ ಬನ್ನಿ” ಎಂದರೆ ಮತ್ತೊಂದು ದಿನದ್ದೂ ಇಲ್ಲ. ಪತ್ರ ಬರುವತನಕ ಏನನ್ನೂ ಮಾಡಲಾಗದೆಂದು ಶಾಲೆ ಕೈಕಟ್ಟಿ ಕೂರುವುದು ಮಾತ್ರ ಸರಿಯಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಈ ಗಂಟನ್ನು ಬಿಡಿಸಿತು. ಬರೆಯುವವರ ನೆರವಿನಂಥ ಹೊಂದಾಣಿಕೆಯನ್ನು ಶೇಕಡಾ 40ರ ಗೆರೆ ದಾಟಿದವರಿಗೆ ಮಾತ್ರ ಸೀಮಿತಗೊಳಿಸುವಂತಿಲ್ಲವೆಂದು ಅದು ಹೇಳಿತು.

ತೀವ್ರ ವೈಕಲ್ಯವಿರುವ ಮಗು ಮನೆಯಲ್ಲಿಯೇ ಕಲಿಯುವುದನ್ನು ಆರಿಸಿಕೊಳ್ಳಬಹುದೆಂದು ಶಿಕ್ಷಣ ಹಕ್ಕಿನ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಇದು ಒಳ್ಳೆಯದೂ ಹೌದು, ಅಪಾಯದ್ದೂ ಹೌದು. ಆಯ್ಕೆ ಮಗುವಿನದೇ ಹೊರತು ಶಾಲೆಯದಲ್ಲ. ಮೆಟ್ಟಿಲಿಗೆ ಹೆದರಿ “ಮನೆಯಲ್ಲಿಯೇ ಇರಲಿ” ಎಂದು ಹಾಜರಿಯಲ್ಲಿ ಹೆಸರು ಬರೆದುಕೊಂಡರೆ, ಮಳೆಗಾಲದಲ್ಲಿ ಮನೆಗೆ ಹೋಗಿ ಪಾಠ ಹೇಳಬೇಕಾದ ಸಂಪನ್ಮೂಲ ಶಿಕ್ಷಕರು ಅದೇ ಜಾರುವ ದಾರಿಯನ್ನು ತಾವೂ ಹತ್ತಬೇಕಾಗುತ್ತದೆ.

ಹೊಂದಾಣಿಕೆಯನ್ನು ಕೇಳುವವರು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಕನ್ನಡದಲ್ಲಿ ಒಂದು ಹಾಳೆ ಅರ್ಜಿ ಸಾಕು: ಮಗುವಿಗೆ ಯಾವುದು ಕಷ್ಟ, ಯಾವ ಮಾರ್ಪಾಡು ಬೇಕು, ಯಾವ ದಿನದಿಂದ. ಮುಖ್ಯೋಪಾಧ್ಯಾಯರಿಂದ ಅದರ ಪ್ರತಿಗೆ ಸಹಿ ಪಡೆದಿಟ್ಟುಕೊಂಡರೆ, ಮುಂದೆ ಅಂಗವಿಕಲರ ರಾಜ್ಯ ಆಯುಕ್ತರವರೆಗೂ ಅದು ನಡೆಯುತ್ತದೆ. ಅರ್ಜಿ ಕೊಡಲು ಜೂನ್ ತಿಂಗಳ ಮೊದಲ ವಾರವೇ ಒಳ್ಳೆಯದು. ಕಕ್ಕಡದ ಹೊತ್ತಿಗೆ ಮೆಟ್ಟಿಲುಗಳ ಮೇಲೆ ಪಾಚಿ ಹಿಡಿದಿರುತ್ತದೆ.