ಹಳೆಯ ಗೇಮ್ ಬಾಯ್ ಕೆಟ್ಟಿದೆಯೇ, ಕೊಳೆಯಾಗಿದೆಯೇ?

ಗೇಮ್ ಬಾಯ್ ಆನ್ ಮಾಡಿದ ಕೂಡಲೇ ನಿಂಟೆಂಡೊ ಎಂಬ ಹೆಸರು ಪರದೆಯ ಮೇಲಿನಿಂದ ನಿಧಾನವಾಗಿ ಇಳಿದು ಮಧ್ಯದಲ್ಲಿ ನಿಲ್ಲುತ್ತದೆ. ಆ ಹೆಸರು ಯಂತ್ರದೊಳಗಿನಿಂದ ಬರುತ್ತದೆ ಎಂದೇ ನಾನೂ ತಿಳಿದಿದ್ದೆ. ಆದರೆ ಅದು ಬರುವುದು ನಾವು ಹಿಂದೆ ಸಿಕ್ಕಿಸಿದ ಕಾರ್ಟ್ರಿಜ್‌ನಿಂದ! ಯಂತ್ರ ಕಾರ್ಟ್ರಿಜ್‌ನಲ್ಲಿರುವ 48 ಬೈಟ್‌ಗಳ ಚಿತ್ರವನ್ನು ಓದಿ ತೋರಿಸುತ್ತದೆ, ನಂತರ ತನ್ನಲ್ಲಿರುವ ಪ್ರತಿಯೊಂದಿಗೆ ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ಅಲ್ಲೇ ನಿಂತುಬಿಡುತ್ತದೆ.

ಹಾಗಾಗಿ ಹೆಸರಿನ ಬದಲು ಕಪ್ಪು ಪಟ್ಟಿ ಬಂದರೆ ಯಂತ್ರಕ್ಕೆ ಕಾರ್ಟ್ರಿಜ್‌ನಿಂದ ಏನೂ ಸಿಗುತ್ತಿಲ್ಲ ಎಂದರ್ಥ. ಅಕ್ಷರಗಳು ಚೆಲ್ಲಾಪಿಲ್ಲಿಯಾದರೆ ಸ್ವಲ್ಪ ಸಿಗುತ್ತಿದೆ, ಸ್ವಲ್ಪ ಇಲ್ಲ. ಎರಡೂ ಸಂದರ್ಭಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಿಪ್ಪನ್ನಲ್ಲ, ಕಾರ್ಟ್ರಿಜ್‌ನ ಅಂಚಿನಲ್ಲಿರುವ 32 ಲೋಹದ ಪಟ್ಟಿಗಳ ಮೇಲಿನ ಕೊಳೆಯನ್ನು.

ಗೇಮ್ ಬಾಯ್ ಜಪಾನಿನಲ್ಲಿ ಬಿಡುಗಡೆಯಾದದ್ದು 1989ರಲ್ಲಿ. ನಮ್ಮ ಮನೆಗೆ ಅದು ಬಂದದ್ದು 2000ರ ಸುಮಾರಿಗೆ, ಗಲ್ಫ್‌ನಿಂದ ರಜೆಗೆ ಬಂದ ಮಾಮನ ಸೂಟ್‌ಕೇಸಿನಲ್ಲಿ. ಜೊತೆಗೆ ಪೊಕೆಮಾನ್ ರೆಡ್ ಕಾರ್ಟ್ರಿಜ್ ಒಂದೇ ಒಂದು. ಕಳೆದ ವರ್ಷ ಅಟ್ಟದಿಂದ ಇಳಿಸಿ ಒಂದು ರಿಪೇರಿ ಅಂಗಡಿಗೆ ಒಯ್ದಾಗ, ಮುಚ್ಚಳವನ್ನೂ ತೆರೆಯದೆ "ಬೋರ್ಡ್ ಹೋಗಿದೆ, ಬಿಸಾಡಿ" ಎಂದರು.

ಬ್ಯಾಟರಿ ಜಾಗದಲ್ಲಿ ನಾಲ್ಕು ಪೆನ್ಸಿಲ್ ಸೆಲ್‌ಗಳು ಒಡೆದು ಬಿಳಿ ಪುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಪೊಟ್ಯಾಸಿಯಂ ಕಾರ್ಬೋನೇಟ್ ಆಗುತ್ತದೆ. ಪ್ರತ್ಯಾಮ್ಲಕ್ಕೆ ಮದ್ದು ಆಮ್ಲ: ಇಯರ್ ಬಡ್ಡನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿದರೆ ನೊರೆ ಏಳುತ್ತದೆ, ಪುಡಿ ಕರಗುತ್ತದೆ. ಲ್ಯಾಬ್‌ನಲ್ಲಿ ಪರೀಕ್ಷೆಗಾಗಿ ಮಾಡುವುದನ್ನೇ ಇಲ್ಲಿ ಕೆಲಸಕ್ಕಾಗಿ ಮಾಡಿದಂತೆ. ಕೈಗವಸು, ಕನ್ನಡಕ ಬೇಕೇ ಬೇಕು, ಆ ಪುಡಿ ಕಣ್ಣಿಗೆ ಒಳ್ಳೆಯದಲ್ಲ. ವಿನೆಗರ್ ಒಳಗಿನ ಬೋರ್ಡಿಗೆ ಹರಿಯಬಾರದು.

ಇನ್ನು ಕಾರ್ಟ್ರಿಜ್. ಎಲ್ಲರಿಗೂ ಗೊತ್ತಿರುವ ಉಪಾಯ ಬಾಯಿಂದ ಊದುವುದು. ಊದಿದಾಗ ಸರಿಹೋದಂತೆ ಕಂಡರೆ ಅದು ಉಸಿರಿನ ಮಹಿಮೆಯಲ್ಲ. ತೆಗೆದು ಮತ್ತೆ ಹಾಕುವಾಗ ಲೋಹಕ್ಕೆ ಲೋಹ ಉಜ್ಜಿ ಕೊಳೆ ಸರಿಯುತ್ತದೆ, ಅಷ್ಟೇ. ಉಸಿರಿನ ತೇವ ಮಾತ್ರ ಪಟ್ಟಿಗಳ ಮೇಲೆ ಉಳಿದು ಮುಂದೆ ತೊಂದರೆ ಕೊಡುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರೂ ಇದ್ದಾರೆ. ಅದು ಕೊಳೆಯೊಂದಿಗೆ ತೆಳುವಾದ ಚಿನ್ನದ ಲೇಪವನ್ನೂ ಸವೆಸುತ್ತದೆ, ನಾನಂತೂ ಬಳಸುವುದಿಲ್ಲ.

ಬೇಕಾದದ್ದು ಐಸೋಪ್ರೊಪೈಲ್ ಆಲ್ಕೋಹಾಲ್, ಅಂದರೆ ನಮ್ಮ ಪಠ್ಯದ ಪ್ರೊಪಾನ್-2-ಓಲ್. ಮೊಬೈಲ್ ರಿಪೇರಿ ಮಾಡುವವರ ಬಳಿ ಇರುತ್ತದೆ. ಶೇಕಡಾ 90ಕ್ಕಿಂತ ಹೆಚ್ಚು ಶುದ್ಧವಾಗಿರಲಿ, ಆಗ ನೀರಿನ ಅಂಶ ಕಡಿಮೆ, ಬೇಗ ಆರುತ್ತದೆ. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಜೆಲ್ ಬೇಡ, ಅದು ಅಂಟು ಬಿಡುತ್ತದೆ. ಬಡ್ಡನ್ನು ಸ್ವಲ್ಪವೇ ಒದ್ದೆ ಮಾಡಿ ಪಟ್ಟಿಯ ಉದ್ದಕ್ಕೆ ಒರೆಸಿ. ನನ್ನ ಮೊದಲ ಬಡ್ ಹಂಚಿನ ಮನೆಯ ಒಲೆ ಒರೆಸಿದಂತೆ ಕಪ್ಪಾಯಿತು. ಬಡ್ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿ, ಹತ್ತು ನಿಮಿಷ ಆರಲು ಬಿಟ್ಟು, ನಂತರವೇ ಆನ್ ಮಾಡಿ. ಬಿಸಿಲಿಗೆ ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳುಪಾಗಿಸುವವರೂ ಇದ್ದಾರೆ. ನನಗೆ ಆ ಹಳದಿಯೇ ಇಷ್ಟ.

ನಮ್ಮದರಲ್ಲಿ ಹೆಸರು ಸ್ಪಷ್ಟವಾಗಿ ಇಳಿದು ಬಂತು. ಹಿಂದಿನ ಆಟ ತೆರೆದಾಗ ಆಟಗಾರನ ಜಾಗದಲ್ಲಿ ಇದ್ದದ್ದು ಮಾಮನ ಹೆಸರಲ್ಲ, ಉಮ್ಮನದು! ಐದು ಬ್ಯಾಡ್ಜ್, 61 ಗಂಟೆ. ಪಿಯುಸಿ ಓದುವಾಗ ರಾತ್ರಿ ಬಲ್ಬಿನ ಕೆಳಗೆ ಕೂತು ಆಡುತ್ತಿದ್ದರಂತೆ, ಆ ಪರದೆಗೆ ಸ್ವಂತ ಬೆಳಕಿಲ್ಲ. ನನ್ನ ಮೊಬೈಲ್ ಕಸಿದುಕೊಳ್ಳುವ ಕೈ ಅದು.

ಇಲ್ಲೇ ಎಚ್ಚರಿಕೆ ಬೇಕಾದದ್ದು. ಆಟ ಇರುವುದು ರಾಮ್ ಅಲ್ಲ, ರೋಮ್ ಚಿಪ್ಪಿನಲ್ಲಿ, ಅದಕ್ಕೆ ವಿದ್ಯುತ್ ಇಲ್ಲದಿದ್ದರೂ ಅಳಿಯುವುದಿಲ್ಲ. ಆದರೆ ಸೇವ್ ಮಾಡಿದ್ದು ಇರುವುದು ರಾಮ್‌ನಲ್ಲಿ. ಅದನ್ನು ಕಾಯುತ್ತಿರುವುದು ಕಾರ್ಟ್ರಿಜ್‌ನೊಳಗೆ ಬೆಸೆದ ಒಂದು ನಾಣ್ಯದಾಕಾರದ ಲಿಥಿಯಂ ಸೆಲ್. ಅದು ಮುಗಿದ ದಿನ, ಅಥವಾ ಬದಲಿಸಲು ನಾವು ಕಿತ್ತ ಕ್ಷಣ, ಸೇವ್ ಹೋಗುತ್ತದೆ. ಈ ಆಟಕ್ಕೆ ಸೇವ್ ಒಂದೇ. ಬೇರೆಯವರು ಹೊಸದಾಗಿ ಶುರು ಮಾಡಿ ಸೇವ್ ಒತ್ತಿದರೂ ಹಳೆಯದು ಹೋಯಿತು. ಹಾಗಾಗಿ ಸೆಲ್ ಮುಟ್ಟುವ ಮೊದಲು ಕಾರ್ಟ್ರಿಜ್ ರೀಡರ್ ಎಂಬ ಉಪಕರಣದಿಂದ ಸೇವನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು. ಹೊಸ ಸೆಲ್ ಹಾಕಿದ ಮೇಲೆ ಅದನ್ನೇ ಮರಳಿ ಬರೆಯಬಹುದು. ಹೊಸದಕ್ಕೆ ಮೊದಲೇ ಲೋಹದ ಕಾಲುಗಳಿರುವ ಸೆಲ್ಲನ್ನೇ ಕೊಳ್ಳಿ. ಬರಿಯ ಲಿಥಿಯಂ ಸೆಲ್ಲಿಗೆ ನೇರವಾಗಿ ಬೆಸುಗೆ ಕಾಯಿಸಿದರೆ ಸಿಡಿಯುವ ಅಪಾಯವಿದೆ.

ಮಾಮ ಹಬ್ಬದ ರಜೆಗೆ ಬರುವಾಗ ರೀಡರ್ ತರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಕಾರ್ಟ್ರಿಜ್ ಮುಟ್ಟಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಉಮ್ಮ ಕೇಳಿಲ್ಲ, ಆರನೆಯ ಬ್ಯಾಡ್ಜ್ ಬಂದಿದೆ.